ಮುರಿದ ಮೂಳೆ ಕೂಡಲು ಆಮ್ಲಜನಕವೂ ಬೇಕು, ಅದರ ಕೊರತೆಯೂ ಬೇಕು! ಏನಿದು ವಿಚಿತ್ರ ಲೆಕ್ಕ?

ಕಾಲು ಮುರಿದುಕೊಂಡು ಆಸ್ಪತ್ರೆ ಸೇರಿದವರಿಗೆ ಮೂಳೆ ವೈದ್ಯರು ಸಾಮಾನ್ಯವಾಗಿ ಕೇಳುವ ಒಂದು ಪ್ರಶ್ನೆ ಇದೆ: "ಬೀಡಿ, ಸಿಗರೇಟ್ ಸೇದುವ ಅಭ್ಯಾಸ ಇದೆಯಾ?" ಮುರಿದಿರುವುದು ಕಾಲು, ಹೊಗೆ ಹೋಗುವುದು ಶ್ವಾಸಕೋಶಕ್ಕೆ. ಎರಡಕ್ಕೂ ಎಲ್ಲಿಯ ನಂಟು ಎಂದು ರೋಗಿಗೂ ಮನೆಯವರಿಗೂ ಅನ್ನಿಸುವುದು ಸಹಜ. ಆದರೆ ನಂಟು ಇದೆ. ಆ ನಂಟಿನ ಹೆಸರು ಆಮ್ಲಜನಕ.

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಅಂಕಿಅಂಶಗಳ ಪ್ರಕಾರ 2022ರಲ್ಲಿ ದೇಶದಲ್ಲಿ 4,61,312 ರಸ್ತೆ ಅಪಘಾತಗಳು ನಡೆದಿದ್ದು, 4,43,366 ಮಂದಿ ಗಾಯಗೊಂಡಿದ್ದಾರೆ. ಇವರಲ್ಲಿ ಕೈಕಾಲು ಮುರಿದುಕೊಂಡವರ ಪಾಲು ಸಣ್ಣದಲ್ಲ. ಬಹುಪಾಲು ಜನರ ಮೂಳೆ ಕೆಲವು ತಿಂಗಳಲ್ಲಿ ಕೂಡಿಕೊಳ್ಳುತ್ತದೆ. ಕೆಲವರದ್ದು ಮಾತ್ರ ಒಂಬತ್ತು ತಿಂಗಳು ಕಳೆದರೂ ಕೂಡುವುದಿಲ್ಲ. ಮತ್ತೆ ಶಸ್ತ್ರಚಿಕಿತ್ಸೆ, ಮತ್ತೆ ರಜೆ, ಮತ್ತೆ ಖರ್ಚು. ಇದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಪ್ರಮುಖವಾದದ್ದು ಮುರಿದ ಜಾಗಕ್ಕೆ ಸಾಕಷ್ಟು ರಕ್ತ ಮತ್ತು ಆಮ್ಲಜನಕ ತಲುಪದೇ ಇರುವುದು.

ಕುತೂಹಲದ ಸಂಗತಿ ಏನೆಂದರೆ, ಮೂಳೆ ಕೂಡುವ ಕೆಲಸ ಶುರುವಾಗಲು ಇದೇ ಆಮ್ಲಜನಕದ ಕೊರತೆ ನೆರವಾಗುತ್ತದೆ. ಕೆಲವು ದಿನಗಳ ಕೊರತೆ ದೇಹಕ್ಕೆ ಒಂದು ಸಂದೇಶ. ತಿಂಗಳುಗಟ್ಟಲೆ ಮುಂದುವರಿದರೆ ಅದೇ ಕೊರತೆ ಅಡ್ಡಿ. ಈ ವ್ಯತ್ಯಾಸ ಅರ್ಥವಾದರೆ ವೈದ್ಯರು ಕೊಡುವ ಹಲವು ಸಲಹೆಗಳ ಹಿಂದಿನ ಕಾರಣವೂ ಅರ್ಥವಾಗುತ್ತದೆ.

ಮೂಳೆಯೊಳಗೆ ಆಮ್ಲಜನಕ ಎಷ್ಟಿರುತ್ತದೆ?

ಮೂಳೆ ಎಂದರೆ ಒಣಗಿದ ಕೋಲಿನಂಥ ವಸ್ತು ಎಂಬ ಭಾವನೆ ಅನೇಕರಲ್ಲಿದೆ. ವಾಸ್ತವದಲ್ಲಿ ಅದು ಜೀವಂತ ಅಂಗಾಂಶ. ಅದರೊಳಗೆ ರಕ್ತನಾಳಗಳ ಜಾಲವಿದೆ. ಹೊಸ ಮೂಳೆ ಕಟ್ಟುವ ಕೋಶಗಳಿವೆ, ಹಳೆಯದನ್ನು ಕರಗಿಸುವ ಕೋಶಗಳೂ ಇವೆ. ಇವೆಲ್ಲಕ್ಕೂ ಆಮ್ಲಜನಕ ಬೇಕು.

ಆಮ್ಲಜನಕದ ಒತ್ತಡವನ್ನು ಬಿಪಿ ಅಳೆಯುವ ಮಾನದಲ್ಲೇ, ಅಂದರೆ ಪಾದರಸದ ಮಿಲಿಮೀಟರ್ ಲೆಕ್ಕದಲ್ಲೇ ಅಳೆಯುತ್ತಾರೆ. ಸಮುದ್ರ ಮಟ್ಟದ ಗಾಳಿಯಲ್ಲಿ ಅದು ಸುಮಾರು 160. ಶ್ವಾಸಕೋಶ ದಾಟಿ ಅಪಧಮನಿಯ ರಕ್ತಕ್ಕೆ ಬರುವಾಗ 100ರ ಆಸುಪಾಸಿಗೆ ಇಳಿದಿರುತ್ತದೆ. ಅಸ್ಥಿಮಜ್ಜೆಗೆ ತಲುಪುವಾಗ ಇನ್ನೂ ಕಡಿಮೆ. 2014ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ ಜೀವಂತ ಇಲಿಗಳ ತಲೆಬುರುಡೆಯ ಮಜ್ಜೆಯಲ್ಲಿ ಆಮ್ಲಜನಕವನ್ನು ನೇರವಾಗಿ ಅಳೆಯಲಾಯಿತು. ಅಲ್ಲಿ ಅದರ ಒತ್ತಡ 32ಕ್ಕಿಂತ ಕಡಿಮೆ ಇತ್ತು. ಆಳದ ಕೆಲವು ಭಾಗಗಳಲ್ಲಿ 10ರ ಹತ್ತಿರಕ್ಕೆ ಇಳಿದಿತ್ತು. ರಕ್ತನಾಳಗಳು ದಟ್ಟವಾಗಿದ್ದರೂ ಈ ಸ್ಥಿತಿ.

ಅಂದರೆ ಮೂಳೆ ಎಲ್ಲವೂ ಸರಿ ಇದ್ದಾಗಲೂ ಅಲ್ಪ ಆಮ್ಲಜನಕದಲ್ಲೇ ಬದುಕುವ ಅಂಗ. ಅದರ ಕೋಶಗಳು ಆ ಸ್ಥಿತಿಗೆ ಒಗ್ಗಿಕೊಂಡಿವೆ. ಸಮಸ್ಯೆ ಶುರುವಾಗುವುದು ಇರುವ ಅಲ್ಪವೂ ಕಡಿತವಾದಾಗ.

ಮೂಳೆ ಮುರಿದ ಕ್ಷಣದಿಂದ ಏನೇನು ನಡೆಯುತ್ತದೆ?

ಮೂಳೆ ಮುರಿದಾಗ ಅದರ ಜೊತೆ ಅದರೊಳಗಿನ ಮತ್ತು ಸುತ್ತಲಿನ ರಕ್ತನಾಳಗಳೂ ಹರಿಯುತ್ತವೆ. ಸೋರಿದ ರಕ್ತ ಕೆಲವೇ ಗಂಟೆಗಳಲ್ಲಿ ಅಲ್ಲೇ ಹೆಪ್ಪುಗಟ್ಟುತ್ತದೆ. ಈ ಹೆಪ್ಪಿನೊಳಗೆ ಹೊಸ ರಕ್ತದ ಹರಿವಿಲ್ಲ. ಇದ್ದ ಆಮ್ಲಜನಕವನ್ನು ಅಲ್ಲಿ ಸೇರಿದ ಕೋಶಗಳು ಬೇಗ ಬಳಸಿ ಮುಗಿಸುತ್ತವೆ.

ಆಮೇಲಿನ ಕೆಲಸ ಹಂತ ಹಂತವಾಗಿ ಸಾಗುತ್ತದೆ. ಮೊದಲ ಕೆಲವು ದಿನ ಊತ, ನೋವು. ಆ ಸಮಯದಲ್ಲಿ ರೋಗನಿರೋಧಕ ಕೋಶಗಳು ಸತ್ತ ಚೂರುಗಳನ್ನು ತೆರವು ಮಾಡುತ್ತವೆ. ನಂತರದ ಎರಡು ಮೂರು ವಾರಗಳಲ್ಲಿ ಮುರಿದ ತುದಿಗಳ ನಡುವೆ ಮೆತ್ತನೆಯ ಸೇತುವೆಯೊಂದು ಬೆಳೆಯುತ್ತದೆ. ಅದರಲ್ಲಿ ಹೆಚ್ಚಿನದು ಮೃದ್ವಸ್ಥಿ, ಅಂದರೆ ಕಿವಿಯ ಹಾಲೆಯ ಮೇಲ್ಭಾಗದಲ್ಲಿ, ಮೂಗಿನ ತುದಿಯಲ್ಲಿ ಕೈಗೆ ಸಿಗುವ ಬಗೆಯ ಬಾಗುವ ವಸ್ತು.

ದೇಹ ನೇರವಾಗಿ ಗಟ್ಟಿ ಮೂಳೆಯನ್ನೇ ಕಟ್ಟದೆ ಮೊದಲು ಮೃದ್ವಸ್ಥಿ ಬೆಳೆಸುವುದು ಏಕೆ? ಉತ್ತರದ ಒಂದು ಭಾಗ ಇಲ್ಲೇ ಇದೆ. ಮೃದ್ವಸ್ಥಿಗೆ ರಕ್ತನಾಳ ಬೇಡ. ಅದರ ಕೋಶಗಳು ಕಡಿಮೆ ಆಮ್ಲಜನಕದಲ್ಲೂ ಸಕ್ಕರೆಯನ್ನು ಒಡೆದು ಶಕ್ತಿ ಪಡೆದು ಬದುಕಬಲ್ಲವು. ರಸ್ತೆ ಕೊಚ್ಚಿಹೋದ ಕಡೆ ಮೊದಲು ತಾತ್ಕಾಲಿಕ ಸೇತುವೆ ಹಾಕಿದಂತೆ ಈ ವ್ಯವಸ್ಥೆ.

ರಕ್ತನಾಳಗಳು ಈ ಸೇತುವೆಯೊಳಗೆ ನುಗ್ಗಿದ ಮೇಲೆ ಚಿತ್ರ ಬದಲಾಗುತ್ತದೆ. ಅವುಗಳ ಹಿಂದೆಯೇ ಮೂಳೆ ಕಟ್ಟುವ ಕೋಶಗಳು ಬರುತ್ತವೆ, ಕ್ಯಾಲ್ಸಿಯಂ ಸೇರುತ್ತದೆ, ಮೆತ್ತನೆಯದು ಗಟ್ಟಿಯಾಗುತ್ತದೆ. ಕೊನೆಗೆ ತಿಂಗಳುಗಳಿಂದ ವರ್ಷಗಳವರೆಗೆ ಮೂಳೆ ತನ್ನ ಹಳೆಯ ಆಕಾರಕ್ಕೆ ಮರಳುವ ತಿದ್ದುಪಡಿ ನಡೆಯುತ್ತದೆ.

ಅಮೆರಿಕದ ಬ್ರೈಟನ್ ಮತ್ತು ಕ್ರೆಬ್ಸ್ 1972ರಲ್ಲಿ ಮೊಲಗಳ ಮುರಿದ ಮೂಳೆಯಲ್ಲಿ ಆಮ್ಲಜನಕ ಅಳೆದು ಈ ಕಥೆಯನ್ನು ಅಂಕಿಗಳಲ್ಲಿ ತೋರಿಸಿದ್ದರು. ಹೆಪ್ಪುಗಟ್ಟಿದ ರಕ್ತದಲ್ಲಿ, ಹೊಸ ಮೃದ್ವಸ್ಥಿಯಲ್ಲಿ ಆಮ್ಲಜನಕ ತೀರಾ ಕಡಿಮೆ ಇತ್ತು. ಮೂಳೆಯ ಒಳನಾಳ ಮತ್ತೆ ರೂಪುಗೊಂಡ ಮೇಲಷ್ಟೇ ಅದು ಸಹಜ ಮಟ್ಟಕ್ಕೆ ಮರಳಿತ್ತು.

ಕೊರತೆಯನ್ನು ಕೋಶ ಗುರುತಿಸುವುದು ಹೇಗೆ? ನೊಬೆಲ್ ತಂದ ಉತ್ತರ

ರಕ್ತನಾಳಗಳಿಗೆ "ಇಲ್ಲಿ ಬೆಳೆಯಿರಿ" ಎಂದು ಹೇಳುವವರು ಯಾರು? ಈ ಪ್ರಶ್ನೆಗೆ ಉತ್ತರ ಕೊಟ್ಟ ಸಂಶೋಧನೆಗೆ 2019ರ ವೈದ್ಯಕೀಯ ನೊಬೆಲ್ ಸಂದಿದೆ. ಅಮೆರಿಕದ ವಿಲಿಯಂ ಕೇಲಿನ್ ಮತ್ತು ಗ್ರೆಗ್ ಸೆಮೆನ್ಜಾ, ಬ್ರಿಟನ್ನಿನ ಪೀಟರ್ ರಾಟ್‌ಕ್ಲಿಫ್ ಈ ಪ್ರಶಸ್ತಿ ಹಂಚಿಕೊಂಡರು.

ಅವರು ಬಿಡಿಸಿದ ಒಗಟಿನ ಕೇಂದ್ರದಲ್ಲಿರುವುದು ಹಿಫ್ ಎಂಬ ಪ್ರೋಟೀನ್. ಕೋಶಗಳು ಇದನ್ನು ಸದಾ ತಯಾರಿಸುತ್ತಲೇ ಇರುತ್ತವೆ. ಆಮ್ಲಜನಕ ಸಾಕಷ್ಟಿದ್ದರೆ ಒಂದು ಕಿಣ್ವ ಹಿಫ್ ಮೇಲೆ ಗುರುತು ಹಾಕುತ್ತದೆ. ಆ ಗುರುತು ಕಂಡ ಕೂಡಲೇ ಕೋಶದ ಕಸ ವಿಲೇವಾರಿ ವ್ಯವಸ್ಥೆ ಹಿಫ್ ಅನ್ನು ಚೂರು ಮಾಡುತ್ತದೆ. ಗುರುತು ಹಾಕುವ ಆ ಕಿಣ್ವಕ್ಕೆ ಆಮ್ಲಜನಕವೇ ಕಚ್ಚಾವಸ್ತು. ಆಮ್ಲಜನಕ ಕಡಿಮೆಯಾದರೆ ಗುರುತು ಬೀಳುವುದಿಲ್ಲ, ಹಿಫ್ ಉಳಿದುಕೊಳ್ಳುತ್ತದೆ.

ಹೀಗೆ ಉಳಿದ ಹಿಫ್ ಕೋಶಕೇಂದ್ರದೊಳಗೆ ಹೋಗಿ ಹಲವು ವಂಶವಾಹಿಗಳ ಸ್ವಿಚ್ ಒತ್ತುತ್ತದೆ. ಒಂದು ಸ್ವಿಚ್ ಹೊಸ ರಕ್ತನಾಳ ಬೆಳೆಸುತ್ತದೆ. ಇನ್ನೊಂದು ಕೆಂಪು ರಕ್ತಕಣಗಳ ಉತ್ಪಾದನೆ ಹೆಚ್ಚಿಸುತ್ತದೆ. ಮತ್ತೊಂದು ಆಮ್ಲಜನಕ ಇಲ್ಲದೆಯೂ ಸಕ್ಕರೆ ಒಡೆಯುವ ಮಾರ್ಗವನ್ನು ಚುರುಕುಗೊಳಿಸುತ್ತದೆ. ಮುರಿದ ಮೂಳೆಯ ಜಾಗದಲ್ಲಿ ಇದೆಲ್ಲ ಒಟ್ಟಿಗೆ ನಡೆಯುತ್ತದೆ.

2007ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಇಲಿಗಳ ಮೂಳೆ ಕಟ್ಟುವ ಕೋಶಗಳಲ್ಲಿ ಹಿಫ್ ನಾಶವಾಗದಂತೆ ನೋಡಿಕೊಳ್ಳಲಾಯಿತು. ಆ ಇಲಿಗಳ ಕಾಲಿನ ಮೂಳೆಗಳಲ್ಲಿ ರಕ್ತನಾಳಗಳು ಹೇರಳವಾಗಿ ಬೆಳೆದವು, ಮೂಳೆಯೂ ಹೆಚ್ಚು ದಟ್ಟವಾಯಿತು. ರಕ್ತನಾಳ ಎಲ್ಲಿಯೋ ಮೂಳೆ ಅಲ್ಲಿ ಎಂಬುದಕ್ಕೆ ಇದು ಬಲವಾದ ಪುರಾವೆಯಾಯಿತು.

ಮಕ್ಕಳ ಎತ್ತರಕ್ಕೂ ಇದೇ ಸೂತ್ರ

ಮಕ್ಕಳ ಉದ್ದನೆಯ ಮೂಳೆಗಳ ತುದಿಯಲ್ಲಿ ಬೆಳವಣಿಗೆ ಫಲಕ ಎಂಬ ಮೃದ್ವಸ್ಥಿಯ ತೆಳು ಪದರ ಇರುತ್ತದೆ. ಎತ್ತರ ಹೆಚ್ಚುವುದು ಇಲ್ಲಿಂದಲೇ. ಹದಿಹರೆಯದ ಕೊನೆಯ ಹೊತ್ತಿಗೆ ಈ ಫಲಕ ಮೂಳೆಯಾಗಿ ಮುಚ್ಚಿಕೊಳ್ಳುತ್ತದೆ, ಎತ್ತರವೂ ನಿಲ್ಲುತ್ತದೆ.

ಈ ಪದರದಲ್ಲಿ ರಕ್ತನಾಳ ಇಲ್ಲ. ನಡುಭಾಗದ ಕೋಶಗಳಿಗೆ ಆಮ್ಲಜನಕ ಅಂಚಿನಿಂದ ಜಿನುಗಿ ಬರಬೇಕು. ಅಲ್ಲಿನ ಕೋಶಗಳನ್ನು ಕಾಪಾಡುವುದು ಮತ್ತದೇ ಹಿಫ್. ಅರ್ನೆಸ್ಟೀನಾ ಸ್ಕಿಪಾನಿ ಮತ್ತು ಸಂಗಡಿಗರು 2001ರಲ್ಲಿ ಇಲಿಗಳ ಬೆಳವಣಿಗೆ ಫಲಕದಿಂದ ಹಿಫ್ ತೆಗೆದು ನೋಡಿದಾಗ ಪದರದ ನಡುವಿನ ಕೋಶಗಳು ಸತ್ತುಹೋದವು. ಅಂದರೆ ಕಡಿಮೆ ಆಮ್ಲಜನಕ ಅಲ್ಲಿ ಸಹಜ ಸ್ಥಿತಿ. ಅದನ್ನು ತಾಳಿಕೊಳ್ಳುವ ವ್ಯವಸ್ಥೆ ಕೈಕೊಟ್ಟರೆ ಮಾತ್ರ ಅಪಾಯ.

ಹಾಗಾದರೆ ಕೊರತೆ ಹಾನಿಕರ ಆಗುವುದು ಯಾವಾಗ?

ಹಿಫ್ ಎಷ್ಟೇ ಕೂಗಿ ಕರೆದರೂ ರಕ್ತ ಬಾರದೇ ಹೋದರೆ ಮೂಳೆಯ ಕೆಲಸ ಮೃದ್ವಸ್ಥಿಯ ಹಂತದಲ್ಲೇ ನಿಂತುಬಿಡುತ್ತದೆ. ಗಟ್ಟಿ ಮೂಳೆ ಕಟ್ಟಲು ಆಮ್ಲಜನಕ ಬೇಕೇ ಬೇಕು. ಇದಕ್ಕೆ ಮುಖ್ಯ ಕಾರಣ ಕೊಲಾಜೆನ್.

ಮೂಳೆಯನ್ನು ಸಿಮೆಂಟ್ ಕಂಬಕ್ಕೆ ಹೋಲಿಸಿದರೆ ಕ್ಯಾಲ್ಸಿಯಂ ಸಿಮೆಂಟು, ಕೊಲಾಜೆನ್ ಒಳಗಿನ ಕಬ್ಬಿಣದ ಸರಳು. ಕೊಲಾಜೆನ್ ಎಳೆಗಳು ಹುರಿಗೊಂಡು ಗಟ್ಟಿಯಾಗಬೇಕಾದರೆ ಅವುಗಳ ಮೇಲೆ ಕೆಲವು ಕಿಣ್ವಗಳು ಕೆಲಸ ಮಾಡಬೇಕು. ಆ ಕಿಣ್ವಗಳಿಗೆ ಬೇಕಾದದ್ದು ಆಮ್ಲಜನಕ, ಕಬ್ಬಿಣಾಂಶ ಮತ್ತು ವಿಟಮಿನ್ ಸಿ. ಮೂರರಲ್ಲಿ ಒಂದು ಕೊರತೆಯಾದರೂ ಎಳೆ ಸಡಿಲ.

ವಿಟಮಿನ್ ಸಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಹಳೆಯ ದಾಖಲೆಯೊಂದಿದೆ. 1740ರ ದಶಕದಲ್ಲಿ ಬ್ರಿಟನ್ನಿನ ಜಾರ್ಜ್ ಆನ್ಸನ್ ನಡೆಸಿದ ಸಮುದ್ರಯಾನದಲ್ಲಿ ಸ್ಕರ್ವಿ ಕಾಯಿಲೆಗೆ ತುತ್ತಾದ ನಾವಿಕನೊಬ್ಬನಿಗೆ, ಹಲವು ದಶಕಗಳ ಹಿಂದೆ ಕೂಡಿಕೊಂಡಿದ್ದ ಮೂಳೆ ಮತ್ತೆ ಬಿಟ್ಟುಕೊಂಡಿತು ಎಂದು ಆ ಯಾನದ ವೃತ್ತಾಂತದಲ್ಲಿ ಬರೆಯಲಾಗಿದೆ.

ಕೊರತೆಯ ಇನ್ನೊಂದು ಪರಿಣಾಮವನ್ನು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಟಿಮೊಥಿ ಆರ್ನೆಟ್ ತಂಡ ಪ್ರಯೋಗಾಲಯದಲ್ಲಿ ತೋರಿಸಿದೆ. ಆಮ್ಲಜನಕವನ್ನು ಶೇ. 2ರ ಮಟ್ಟಕ್ಕೆ ಇಳಿಸಿದಾಗ ಮೂಳೆ ಕಟ್ಟುವ ಕೋಶಗಳ ಕೆಲಸ ಕುಗ್ಗಿತು. ಆದರೆ ಮೂಳೆ ಕರಗಿಸುವ ಕೋಶಗಳ ಸಂಖ್ಯೆ ಏರಿತು. ಕಟ್ಟುವ ಮೇಸ್ತ್ರಿಗಳು ಕೈಕಟ್ಟಿ ಕುಳಿತು, ಕೆಡವುವವರು ಮಾತ್ರ ಹೆಚ್ಚಿದಂತೆ.

2013ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ ಮೂಳೆ ಮುರಿದ ಇಲಿಗಳನ್ನು ಬೇರೆ ಬೇರೆ ಮಟ್ಟದ ಆಮ್ಲಜನಕದಲ್ಲಿ ಇಡಲಾಯಿತು. ಶೇ. 13ರಷ್ಟು ಆಮ್ಲಜನಕವಿದ್ದ ಗಾಳಿ ಉಸಿರಾಡಿದ ಇಲಿಗಳಲ್ಲಿ ರಕ್ತನಾಳ ಕಡಿಮೆ ಬೆಳೆದು, ಮೂಳೆ ಕೂಡುವುದು ತಡವಾಯಿತು.

ಮನುಷ್ಯರಲ್ಲಿ ಇಂಥ ಕೊರತೆ ಮೂರು ಕಡೆ ಉಂಟಾಗಬಹುದು: ಉಸಿರಾಡುವ ಗಾಳಿಯಲ್ಲಿ, ಅದನ್ನು ಹೊತ್ತೊಯ್ಯುವ ರಕ್ತದಲ್ಲಿ, ಅಥವಾ ಆ ರಕ್ತ ಹರಿಯುವ ನಾಳದಲ್ಲಿ.

1. ಗಾಳಿಯಲ್ಲಿ ಕೊರತೆ: ಎತ್ತರದ ಪ್ರದೇಶಗಳ ಪಾಠ

ಬೆಟ್ಟ ಏರಿದಂತೆ ಗಾಳಿಯಲ್ಲಿ ಆಮ್ಲಜನಕದ ಶೇಕಡಾವಾರು ಪ್ರಮಾಣ ಇಳಿಯುವುದಿಲ್ಲ, ಎಲ್ಲೆಡೆ ಸುಮಾರು 21 ಇರುತ್ತದೆ. ಇಳಿಯುವುದು ಗಾಳಿಯ ಒತ್ತಡ. ಮುಂಬೈ, ಚೆನ್ನೈಗೆ ಹೋಲಿಸಿದರೆ 3,500 ಮೀಟರ್ ಎತ್ತರದ ಲೇಹ್‌ನಲ್ಲಿ ಪ್ರತಿ ಉಸಿರಿಗೆ ಸಿಗುವ ಆಮ್ಲಜನಕ ಸುಮಾರು ಮೂರನೇ ಎರಡರಷ್ಟು. ಮೇಲೆ ಹೇಳಿದ ಶೇ. 13ರ ಗಾಳಿ ಹೆಚ್ಚುಕಡಿಮೆ ಇದೇ ಮಟ್ಟದ್ದು.

ಪೆರು ದೇಶದ ಆಂಡಿಸ್ ಪರ್ವತಗಳಲ್ಲಿ ಬೆಳೆದ ಮಕ್ಕಳನ್ನು ತಗ್ಗು ಪ್ರದೇಶದ ಮಕ್ಕಳೊಂದಿಗೆ ಹೋಲಿಸಿ ಎಮ್ಮಾ ಪೊಮರಾಯ್ ಮತ್ತು ಸಂಗಡಿಗರು 2012ರಲ್ಲಿ ಅಧ್ಯಯನ ಪ್ರಕಟಿಸಿದರು. ಎತ್ತರದ ಪ್ರದೇಶದ ಮಕ್ಕಳಲ್ಲಿ ಮೊಣಕೈಯಿಂದ ಮಣಿಕಟ್ಟಿನವರೆಗಿನ ಭಾಗ, ಮೊಣಕಾಲಿನಿಂದ ಕೆಳಗಿನ ಭಾಗ ಹೆಚ್ಚು ಗಿಡ್ಡವಾಗಿದ್ದವು. ನೇಪಾಳದ ಹಿಮಾಲಯ ವಾಸಿಗಳ ಕೈಗಳನ್ನು ಅಳೆದು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇಂಥದ್ದೇ ಮಾದರಿ ಕಂಡಿತು. ಮುಂದೋಳು ಗಿಡ್ಡ, ಆದರೆ ಹಸ್ತದ ಅಳತೆಯಲ್ಲಿ ಅಂಥ ಇಳಿಕೆ ಇಲ್ಲ.

ಶಕ್ತಿ ಮತ್ತು ಆಮ್ಲಜನಕ ಸೀಮಿತವಾದಾಗ ದೇಹ ಮುಖ್ಯ ಅಂಗಗಳಿಗೆ ಆದ್ಯತೆ ಕೊಟ್ಟು, ಕೆಲವು ಮೂಳೆಗಳ ಬೆಳವಣಿಗೆಯಲ್ಲಿ ಉಳಿತಾಯ ಮಾಡುತ್ತದೆ ಎಂಬುದು ಸಂಶೋಧಕರ ವಿವರಣೆ. ಪೌಷ್ಟಿಕತೆ ಮತ್ತು ಬಡತನದ ಪಾತ್ರವೂ ಇದರಲ್ಲಿ ಬೆರೆತಿರುವುದರಿಂದ ಎಲ್ಲವನ್ನೂ ಆಮ್ಲಜನಕದ ತಲೆಗೇ ಕಟ್ಟುವಂತಿಲ್ಲ. ಇವೆಲ್ಲ ಅಲ್ಲೇ ಬೆಳೆದವರ ಕುರಿತ ಅಧ್ಯಯನಗಳು ಎಂಬುದನ್ನೂ ನೆನಪಿಡಬೇಕು. ಒಂದು ವಾರ ಲಡಾಖ್ ಸುತ್ತಿ ಬರುವ ಪ್ರವಾಸಿಗರಿಗೆ ಇದನ್ನು ಅನ್ವಯಿಸಲಾಗದು.

2. ರಕ್ತದಲ್ಲಿ ಕೊರತೆ: ಸಿಗರೇಟ್ ಏಕೆ ಅಪಾಯ?

ತಂಬಾಕಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಈ ಅನಿಲ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಆಮ್ಲಜನಕ ಕೂರಬೇಕಾದ ಸೀಟಿನಲ್ಲಿ ಅದು ಕುಳಿತುಬಿಡುತ್ತದೆ. ಜೊತೆಗೆ ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಸಂಕುಚಿತಗೊಳಿಸುತ್ತದೆ. ಬಸ್ಸಿನಲ್ಲಿ ಸೀಟೂ ಕಡಿಮೆ, ರಸ್ತೆಯೂ ಕಿರಿದು.

ಇದರ ಪರಿಣಾಮ ಕಾಗದದ ಮೇಲಿನ ಲೆಕ್ಕವಷ್ಟೇ ಆಗಿ ಉಳಿದಿಲ್ಲ. ಅಮೆರಿಕದ ಎಂಟು ಟ್ರಾಮಾ ಕೇಂದ್ರಗಳಲ್ಲಿ ಮೊಣಕಾಲಿನ ಕೆಳಗಿನ ಟಿಬಿಯಾ ಮೂಳೆ ಚರ್ಮ ಸೀಳಿಕೊಂಡು ಮುರಿದ 268 ರೋಗಿಗಳನ್ನು ಗಮನಿಸಿದ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಎಂದೂ ಧೂಮಪಾನ ಮಾಡದವರಿಗೆ ಹೋಲಿಸಿದರೆ, ಧೂಮಪಾನ ಮಾಡುತ್ತಿದ್ದವರ ಮೂಳೆ ಕೂಡುವ ಸಾಧ್ಯತೆ ಶೇ. 37ರಷ್ಟು ಕಡಿಮೆ ಇತ್ತು. ಸೋಂಕು ತಗಲುವ ಸಾಧ್ಯತೆ ಎರಡು ಪಟ್ಟಿಗೂ ಹೆಚ್ಚು. ಮೂಳೆಯೊಳಗೇ ಸೋಂಕು ಇಳಿಯುವ ಸಾಧ್ಯತೆ 3.7 ಪಟ್ಟು.

ಗುಟ್ಕಾ, ಖೈನಿ ಅಗಿಯುವವರಿಗೆ ಹೊಗೆಯ ಕಾಟವಿಲ್ಲ, ಆದರೆ ನಿಕೋಟಿನ್ ಇದ್ದೇ ಇದೆ. ರಕ್ತನಾಳ ಸಂಕುಚಿತವಾಗುವ ಸಮಸ್ಯೆ ಅವರಿಗೂ ತಪ್ಪಿದ್ದಲ್ಲ. 2016-17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 28.6 ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಾರೆ. ಸಮಾಧಾನದ ಸಂಗತಿ ಎಂದರೆ, ಸಿಗರೇಟ್ ಬಿಟ್ಟರೆ ರಕ್ತದಲ್ಲಿನ ಕಾರ್ಬನ್ ಮಾನಾಕ್ಸೈಡ್ ಒಂದೆರಡು ದಿನಗಳಲ್ಲೇ ಬಹುಪಾಲು ಹೊರಹೋಗುತ್ತದೆ.

ರಕ್ತಹೀನತೆಯನ್ನೂ ಇಲ್ಲಿ ಮರೆಯುವಂತಿಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇದೆ. ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ಗೂ ಕಬ್ಬಿಣಾಂಶ ಬೇಕು, ಕೊಲಾಜೆನ್ ಹುರಿಗೊಳಿಸುವ ಕಿಣ್ವಕ್ಕೂ ಬೇಕು. ಮೂಳೆ ಮುರಿದವರು ಕ್ಯಾಲ್ಸಿಯಂ ಮಾತ್ರೆ ನುಂಗಿದರೆ ಸಾಕು ಎಂಬ ನಂಬಿಕೆ ಅರೆಬರೆ ಸತ್ಯ.

3. ನಾಳದಲ್ಲಿ ಕೊರತೆ: ಕೆಲವು ಮೂಳೆಗಳಿಗೆ ಹುಟ್ಟಿನಿಂದಲೇ ಕಷ್ಟ

ದೇಹದ ಎಲ್ಲ ಮೂಳೆಗಳಿಗೂ ಸಮಾನ ರಕ್ತ ಪೂರೈಕೆ ಇಲ್ಲ. ಬೈಕ್ ಜಾರಿ ಬಿದ್ದಾಗ ಅಂಗೈ ಊರಿದವರಲ್ಲಿ ಹೆಬ್ಬೆರಳಿನ ಬುಡದ ಬಳಿ ಮಣಿಕಟ್ಟಿನಲ್ಲಿರುವ ಸ್ಕೇಫಾಯ್ಡ್ ಎಂಬ ಗೋಡಂಬಿ ಆಕಾರದ ಪುಟ್ಟ ಮೂಳೆ ಮುರಿಯುವುದು ಸಾಮಾನ್ಯ. ಇದಕ್ಕೆ ರಕ್ತ ಬರುವುದು ಬಹುತೇಕ ಬೆರಳಿನ ಕಡೆಯ ತುದಿಯಿಂದ. ನಡುವೆ ಮುರಿದರೆ ಇನ್ನೊಂದು ತುದಿಗೆ ರಕ್ತ ಕಡಿತ. ಆರಂಭದ ಎಕ್ಸ್‌ರೇಯಲ್ಲಿ ಬಿರುಕು ಕಾಣದೇ ಹೋಗುವುದೂ ಉಂಟು. ಉಳುಕು ಎಂದುಕೊಂಡು ತೈಲ ಹಚ್ಚಿ ಸುಮ್ಮನಾದರೆ ತಿಂಗಳುಗಳ ನಂತರ ತೊಂದರೆ ಬಯಲಾಗುತ್ತದೆ.

ಸೊಂಟದ ಕೀಲಿನ ಬಳಿಯ ತೊಡೆಮೂಳೆಯ ಕುತ್ತಿಗೆ, ಟಿಬಿಯಾದ ಕೆಳಗಿನ ಮೂರನೇ ಒಂದು ಭಾಗ ಕೂಡ ಇದೇ ಸಾಲಿಗೆ ಸೇರಿದವು. ಮನೆಯ ಬಚ್ಚಲಲ್ಲಿ ಜಾರಿ ಬಿದ್ದ ಹಿರಿಯರಿಗೆ ವೈದ್ಯರು ಕೆಲವೊಮ್ಮೆ ಮೂಳೆ ಜೋಡಿಸುವ ಬದಲು ಕೃತಕ ಕೀಲನ್ನೇ ಹಾಕಲು ಸೂಚಿಸುವುದರ ಹಿಂದೆ ಈ ಕಾರಣವೂ ಇದೆ.

ಇನ್ನು ಮನುಷ್ಯರೇ ತಂದುಕೊಳ್ಳುವ ಕೊರತೆ: ಅತಿ ಬಿಗಿಯಾದ ಕಟ್ಟು. ಮುರಿದ ಕೈಕಾಲಿನಲ್ಲಿ ಊತ ಹೆಚ್ಚುವ ಹೊತ್ತಿಗೆ ಬಿದಿರಿನ ದಬ್ಬೆ, ಬಟ್ಟೆ ಅಥವಾ ಪ್ಲಾಸ್ಟರ್ ಬಿಗಿಯಾಗಿದ್ದರೆ ಒಳಗಿನ ಒತ್ತಡ ಏರಿ ರಕ್ತದ ಹರಿವೇ ನಿಲ್ಲಬಹುದು. ಹೊರಗಿನ ಕಟ್ಟು ಇಲ್ಲದಿದ್ದರೂ ಸ್ನಾಯುಗಳ ಊತದಿಂದಲೇ ಹೀಗಾಗುವುದುಂಟು. ಸುಮಾರು ಆರು ಗಂಟೆ ಹೀಗೇ ಮುಂದುವರಿದರೆ ಸ್ನಾಯುಗಳಿಗೆ ಸರಿಪಡಿಸಲಾಗದ ಹಾನಿ ಆರಂಭವಾಗುತ್ತದೆ. ಮೊಣಕೈ ಬಳಿ ಮುರಿದುಕೊಂಡ ಮಕ್ಕಳಲ್ಲಿ ಈ ಅಪಾಯ ಹೆಚ್ಚು, ಬೆರಳುಗಳು ಶಾಶ್ವತವಾಗಿ ಮಡಚಿಕೊಂಡು ಉಳಿದುಬಿಡಬಹುದು.

ರಕ್ತವೇ ನಿಂತರೆ ಮೂಳೆ ಸಾಯುತ್ತದೆ

ಮೂಳೆ ಮುರಿಯದೆಯೂ ಅದಕ್ಕೆ ರಕ್ತ ನಿಲ್ಲಬಹುದು. ಆಗ ಆ ಭಾಗದ ಕೋಶಗಳು ಸತ್ತು ಮೂಳೆ ಕುಸಿಯುತ್ತದೆ. ಹೆಚ್ಚಾಗಿ ತೊಂದರೆಗೊಳಗಾಗುವುದು ಸೊಂಟದ ಕೀಲಿನ ಚೆಂಡಿನಂಥ ಭಾಗ. ಅತಿಯಾದ ಮದ್ಯಪಾನ, ದೀರ್ಘಕಾಲದ ಸ್ಟೀರಾಯ್ಡ್ ಬಳಕೆ ಇದರ ಪ್ರಮುಖ ಕಾರಣಗಳು.

ಕೊರೊನಾ ಎರಡನೇ ಅಲೆಯ ನಂತರ ಈ ಕಾಯಿಲೆಯ ಹೆಸರು ದೇಶದ ಗಮನ ಸೆಳೆಯಿತು. ಮುಂಬೈನ ಮಾಹಿಮ್‌ನಲ್ಲಿರುವ ಹಿಂದೂಜಾ ಆಸ್ಪತ್ರೆಯ ವೈದ್ಯರು 2021ರಲ್ಲಿ ಕೋವಿಡ್‌ನಿಂದ ಚೇತರಿಸಿಕೊಂಡಿದ್ದ, 40 ವರ್ಷದೊಳಗಿನ ಮೂವರಲ್ಲಿ ಇದು ಕಾಣಿಸಿಕೊಂಡ ಬಗ್ಗೆ ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಮಾಡಿದರು. ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷ ಹಿಡಿಯುವ ಈ ತೊಂದರೆ ಅವರಲ್ಲಿ ಸರಾಸರಿ 58 ದಿನಗಳಲ್ಲೇ ಕಂಡುಬಂದಿತ್ತು.

ಮಕ್ಕಳಲ್ಲಿ ಇದರ ಇನ್ನೊಂದು ರೂಪ ಪರ್ಥಿಸ್ ಕಾಯಿಲೆ. ಇದಕ್ಕೂ ಕರ್ನಾಟಕಕ್ಕೂ ನೇರ ಸಂಬಂಧವಿದೆ. ಮಣಿಪಾಲದ ಮೂಳೆತಜ್ಞ ಡಾ. ಬೆಂಜಮಿನ್ ಜೋಸೆಫ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಅಧ್ಯಯನ, ದಕ್ಷಿಣ ಭಾರತದ ಒಳನಾಡಿಗಿಂತ ನೈಋತ್ಯ ಕರಾವಳಿಯಲ್ಲಿ ಈ ಕಾಯಿಲೆ ಹೆಚ್ಚು ಎಂದು ತೋರಿಸಿತು. ಗಂಡುಮಕ್ಕಳಲ್ಲಿ ಇದು ಹೆಚ್ಚು. ಮಗು ಕುಂಟುತ್ತದೆ, ತೊಡೆ ಅಥವಾ ಮೊಣಕಾಲು ನೋವು ಎನ್ನುತ್ತದೆ. ನೋವು ಮೊಣಕಾಲಲ್ಲಿದ್ದರೂ ಸಮಸ್ಯೆ ಸೊಂಟದಲ್ಲಿ ಇರಬಹುದು.

ಪರ್ಥಿಸ್‌ನಲ್ಲಿ ಭರವಸೆಯ ಅಂಶವೂ ಇದೆ. ಹೆಚ್ಚಿನ ಮಕ್ಕಳಲ್ಲಿ ರಕ್ತನಾಳಗಳು ನಿಧಾನವಾಗಿ ಮರಳಿ ಬೆಳೆದು, ಕೆಲವು ವರ್ಷಗಳಲ್ಲಿ ಮೂಳೆ ಮತ್ತೆ ಕಟ್ಟಿಕೊಳ್ಳುತ್ತದೆ. ಅಲ್ಲಿಯವರೆಗೆ ಚೆಂಡಿನ ಆಕಾರ ಕೆಡದಂತೆ ಕಾಪಾಡುವುದೇ ಚಿಕಿತ್ಸೆಯ ಗುರಿ.

ಕುಡಗೋಲು ಕಣ ರಕ್ತಹೀನತೆ, ಅಂದರೆ ಸಿಕಲ್ ಸೆಲ್ ಕಾಯಿಲೆಯಲ್ಲಿ ಬಾಗಿದ ರಕ್ತಕಣಗಳು ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡು ಮೂಳೆಗೆ ಹೀಗೆಯೇ ಹಾನಿ ಮಾಡುತ್ತವೆ. ಬುಡಕಟ್ಟು ಸಮುದಾಯಗಳಲ್ಲಿ ಹೆಚ್ಚಾಗಿರುವ ಈ ಕಾಯಿಲೆಯನ್ನು 2047ರೊಳಗೆ ನಿರ್ಮೂಲನೆ ಮಾಡುವ ಗುರಿಯೊಂದಿಗೆ ಕೇಂದ್ರ ಸರ್ಕಾರ 2023ರ ಜುಲೈ 1ರಂದು ರಾಷ್ಟ್ರೀಯ ಅಭಿಯಾನ ಆರಂಭಿಸಿದೆ.

ಆಮ್ಲಜನಕ ಕೊಟ್ಟರೆ ಮೂಳೆ ಬೇಗ ಕೂಡುತ್ತದೆಯೇ?

ಒತ್ತಡದ ಕೋಣೆಯಲ್ಲಿ ಕೂರಿಸಿ ಶುದ್ಧ ಆಮ್ಲಜನಕ ಕೊಡುವ ಚಿಕಿತ್ಸೆ ಈಗ ದೊಡ್ಡ ನಗರಗಳಲ್ಲಿ ಲಭ್ಯವಿದೆ. ಮಧುಮೇಹಿಗಳ ಕಾಲಿನ ಹುಣ್ಣು, ಡೈವಿಂಗ್ ಮಾಡುವವರ ತೊಂದರೆ ಮುಂತಾದವುಗಳಿಗೆ ಇದನ್ನು ಬಳಸುತ್ತಾರೆ. ಮುರಿದ ಮೂಳೆಗೆ? ಚಿಕಿತ್ಸೆಗಳ ಪುರಾವೆ ಪರಿಶೀಲಿಸುವ ಕಾಕ್ರೇನ್ ಸಂಸ್ಥೆ 2012ರಲ್ಲಿ ಈ ಪ್ರಶ್ನೆ ಕೈಗೆತ್ತಿಕೊಂಡಾಗ, ಮೂಳೆ ಕೂಡಲು ಇದು ನೆರವಾಗುತ್ತದೆ ಅಥವಾ ಇಲ್ಲ ಎಂದು ಹೇಳಬಲ್ಲ ಒಂದೂ ತಕ್ಕ ಪ್ರಯೋಗ ಸಿಗಲಿಲ್ಲ. ಆದ್ದರಿಂದ ದುಬಾರಿ ಪ್ಯಾಕೇಜ್‌ಗೆ ಹಣ ಕಟ್ಟುವ ಮುನ್ನ ಚಿಕಿತ್ಸೆ ನೀಡುತ್ತಿರುವ ಮೂಳೆ ವೈದ್ಯರನ್ನು ಕೇಳುವುದು ಒಳಿತು.

ಸಂಶೋಧಕರ ಕಣ್ಣು ಇರುವುದು ಇನ್ನೊಂದು ದಾರಿಯ ಮೇಲೆ. ಆಮ್ಲಜನಕ ಕಡಿಮೆಯಾಗಿದೆ ಎಂಬ ಸಂದೇಶವನ್ನು ಔಷಧದ ಮೂಲಕ ಕೊಟ್ಟು, ಹಿಫ್ ಅನ್ನು ಎಬ್ಬಿಸಿ, ರಕ್ತನಾಳ ಬೆಳೆಸುವುದು. ಈ ದಿಕ್ಕಿನ ಮಹತ್ವದ ಕೆಲಸದಲ್ಲಿ ಭಾರತೀಯರ ಹೆಸರಿದೆ. ಜರ್ಮನಿಯ ಮ್ಯೂನ್‌ಸ್ಟರ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಅಂಜಲಿ ಕುಸುಂಬೆ, ಶರವಣ ರಾಮಸಾಮಿ ಮತ್ತು ರಾಲ್ಫ್ ಆಡಮ್ಸ್ ಮೂಳೆ ಬೆಳವಣಿಗೆಗೆ ಜೊತೆಯಾಗುವ ವಿಶೇಷ ಬಗೆಯ ರಕ್ತನಾಳಗಳನ್ನು ಗುರುತಿಸಿ 2014ರಲ್ಲಿ 'ನೇಚರ್'ನಲ್ಲಿ ಪ್ರಕಟಿಸಿದರು. ವಯಸ್ಸಾದಂತೆ ಈ ನಾಳಗಳು ಕಡಿಮೆಯಾಗುತ್ತವೆ. ಮುದಿ ಇಲಿಗಳಿಗೆ ಡೆಫೆರೊಕ್ಸಮೈನ್ ಎಂಬ ಔಷಧ ಕೊಟ್ಟಾಗ ನಾಳಗಳೂ ಮರಳಿದವು, ಮೂಳೆಯೂ ಹೆಚ್ಚಿತು.

ಡೆಫೆರೊಕ್ಸಮೈನ್ ಹೊಸ ಔಷಧವೇನಲ್ಲ. ಪದೇ ಪದೇ ರಕ್ತ ಪಡೆಯುವ ಥಲಸ್ಸೇಮಿಯಾ ರೋಗಿಗಳ ದೇಹದಲ್ಲಿ ಶೇಖರವಾಗುವ ಹೆಚ್ಚುವರಿ ಕಬ್ಬಿಣಾಂಶ ಹೊರಹಾಕಲು ಇದನ್ನು ದಶಕಗಳಿಂದ ಬಳಸುತ್ತಿದ್ದಾರೆ. ಹಿಫ್ ಮೇಲೆ ಗುರುತು ಹಾಕುವ ಕಿಣ್ವಕ್ಕೆ ಕಬ್ಬಿಣ ಬೇಕಲ್ಲವೇ? ಔಷಧ ಅದನ್ನು ಕಸಿದುಕೊಳ್ಳುವುದರಿಂದ ಹಿಫ್ ಉಳಿಯುತ್ತದೆ. ಆದರೆ ಇದೇ ಔಷಧ ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟಾಗ ಥಲಸ್ಸೇಮಿಯಾ ಮಕ್ಕಳ ಮೂಳೆ ಬೆಳವಣಿಗೆಗೆ ಅಡ್ಡಿಯಾದ ಉದಾಹರಣೆಗಳೂ ಇವೆ. ಇಲಿಗೆ ಒಗ್ಗಿದ್ದು ಮನುಷ್ಯರಿಗೆ ಹಾಗೆಯೇ ಒಗ್ಗುತ್ತದೆ ಎನ್ನಲಾಗದು.

ಹಿಫ್ ಉಳಿಸುವ ಮಾತ್ರೆಗಳು ಮಾರುಕಟ್ಟೆಗೆ ಬಂದಿರುವುದು ನಿಜ. ಭಾರತದಲ್ಲೇ ಜೈಡಸ್ ಕಂಪನಿಯ ಡೆಸಿಡುಸ್ಟಾಟ್‌ಗೆ 2022ರಲ್ಲಿ ಅನುಮತಿ ಸಿಕ್ಕಿದೆ. ಆದರೆ ಅದು ಮೂತ್ರಪಿಂಡ ಕಾಯಿಲೆಯಿಂದ ಬರುವ ರಕ್ತಹೀನತೆಗೆ, ಮೂಳೆ ಕೂಡಿಸಲು ಅಲ್ಲ. ಕ್ಯಾನ್ಸರ್ ಗಡ್ಡೆಗಳು ಕೂಡ ರಕ್ತನಾಳ ಬೆಳೆಸಿಕೊಳ್ಳಲು ಹಿಫ್ ಅನ್ನೇ ಬಳಸುವುದರಿಂದ ಈ ದಾರಿಯಲ್ಲಿ ಎಚ್ಚರ ಅಗತ್ಯ.

ಮೂಳೆ ಮುರಿದವರು ಗಮನಿಸಬೇಕಾದ ಅಂಶಗಳು

* ಬೀಡಿ, ಸಿಗರೇಟ್, ಗುಟ್ಕಾ ಅಭ್ಯಾಸವಿದ್ದರೆ ವೈದ್ಯರಿಂದ ಮುಚ್ಚಿಡಬೇಡಿ. ಬಿಡಲು ಅದಕ್ಕಿಂತ ತಕ್ಕ ಸಮಯ ಇನ್ನೊಂದಿಲ್ಲ.
* ಪ್ಲಾಸ್ಟರ್ ಅಥವಾ ಕಟ್ಟು ಹಾಕಿದ ಮೇಲೆ ನೋವು ತಗ್ಗುವ ಬದಲು ಏರುತ್ತಾ ಹೋದರೆ, ಬೆರಳುಗಳು ಜೋಮು ಹಿಡಿದರೆ, ತಣ್ಣಗಾದರೆ, ಬಿಳಿಚಿದರೆ ಅಥವಾ ನೀಲಿಗಟ್ಟಿದರೆ ಬೆಳಗಾಗುವವರೆಗೆ ಕಾಯಬೇಡಿ. ಅದು ತುರ್ತು ಪರಿಸ್ಥಿತಿ, ಕೂಡಲೇ ಆಸ್ಪತ್ರೆಗೆ ಹೋಗಬೇಕು.
* ಬಿದ್ದ ನಂತರ ಹೆಬ್ಬೆರಳಿನ ಬುಡದಲ್ಲಿ ನೋವು ಉಳಿದಿದ್ದರೆ, ಮೊದಲ ಎಕ್ಸ್‌ರೇ ಸರಿ ಇದ್ದರೂ ಎರಡು ವಾರದೊಳಗೆ ಮತ್ತೆ ತೋರಿಸಿ.
* ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಊಟದಲ್ಲಿ ಬೇಳೆಕಾಳು, ಮೊಟ್ಟೆ, ಸೊಪ್ಪಿನ ಜೊತೆ ನೆಲ್ಲಿಕಾಯಿ, ಸೀಬೆ, ನಿಂಬೆಯಂಥ ವಿಟಮಿನ್ ಸಿ ಇರುವ ಪದಾರ್ಥವೂ ಇರಲಿ.
* ಮಗು ಕಾರಣವಿಲ್ಲದೆ ವಾರಗಟ್ಟಲೆ ಕುಂಟುತ್ತಿದ್ದರೆ ಆಟವಾಡುವಾಗ ಪೆಟ್ಟಾಗಿರಬೇಕು ಎಂದು ಬಿಡಬೇಡಿ.
* ಸ್ಟೀರಾಯ್ಡ್ ಪಡೆದವರಿಗೆ ತೊಡೆಸಂದಿಯಲ್ಲಿ ನೋವು ಕಾಣಿಸಿಕೊಂಡರೆ ಎಂಆರ್‌ಐ ಅಗತ್ಯವೇ ಎಂದು ವೈದ್ಯರನ್ನು ಕೇಳಿ. ಆರಂಭದ ಹಂತದಲ್ಲಿ ಎಕ್ಸ್‌ರೇಯಲ್ಲಿ ಇದು ಕಾಣದಿರಬಹುದು.

ಮೂಳೆ ಕೂಡಿಸುವ ಕೆಲಸವನ್ನು ದೇಹ ತಾನೇ ಮಾಡಿಕೊಳ್ಳುತ್ತದೆ. ರಾಡ್, ಪ್ಲೇಟ್, ಪ್ಲಾಸ್ಟರ್ ಎಲ್ಲವೂ ಮುರಿದ ತುದಿಗಳನ್ನು ಅಲುಗಾಡದಂತೆ ಹಿಡಿದಿಡುವ ಸಾಧನಗಳು ಮಾತ್ರ. ಆಮ್ಲಜನಕ ಬೇಕು ಎಂದು ಕೋಶಗಳು ಕಳಿಸುವ ಸಂದೇಶಕ್ಕೆ ರಕ್ತ ಸರಿಯಾದ ಸಮಯಕ್ಕೆ ಬಂದು ತಲುಪುವಂತೆ ನೋಡಿಕೊಳ್ಳುವುದು ರೋಗಿ ಮತ್ತು ಮನೆಯವರ ಕೈಯಲ್ಲೂ ಇದೆ.